ಯುಗ ದಾಟುವುದು ಯಾವಾಗ? ಇತಿಹಾಸದ ಸ್ಟ್ರಾಟಜಿ ಆಟಗಳಿಗೊಂದು ಮಾರ್ಗದರ್ಶಿ

ಇತಿಹಾಸದ ಸ್ಟ್ರಾಟಜಿ ಆಟಗಳಲ್ಲಿ ಹೊಸಬರು ಹೆಚ್ಚಾಗಿ ಎರಡು ಥರ ಸೋಲುತ್ತಾರೆ. ಕೆಲವರು ಮುಂದಿನ ಯುಗದ ಯೋಚನೆಯನ್ನೇ ಮಾಡದೆ ಹಳೆಯ ಸೈನಿಕರನ್ನೇ ಗುಡ್ಡೆ ಹಾಕುತ್ತಾ ಹೋಗುತ್ತಾರೆ. ಎದುರಾಳಿ ಕವಚ ತೊಟ್ಟ ಕುದುರೆ ಸವಾರರನ್ನು ಇಳಿಸಿದ ಕೂಡಲೇ ಆ ಗುಡ್ಡೆ ಕರಗಿಹೋಗುತ್ತದೆ. ಇನ್ನು ಕೆಲವರು ಯುಗ ದಾಟುವ ಬಟನ್ ಹೊಳೆದ ತಕ್ಷಣ ಒತ್ತಿಬಿಡುತ್ತಾರೆ. ಹೊಸ ಯುಗ ಬರುತ್ತದೆ, ಕಟ್ಟಡಗಳ ರೂಪ ಬದಲಾಗುತ್ತದೆ, ಆದರೆ ಖಜಾನೆಯಲ್ಲಿ ಏನೂ ಇರುವುದಿಲ್ಲ. ಹೊಸ ಸೈನಿಕನೊಬ್ಬನನ್ನೂ ತಯಾರು ಮಾಡಲಾಗದೆ ಸುಮ್ನೆ ಕಾಯುತ್ತಾರೆ.

ಈ ಎರಡಕ್ಕೂ ಬೇರು ಒಂದೇ. ಯುಗ ಅಂದರೆ ಚೆನ್ನಾಗಿ ಆಡಿದ್ದಕ್ಕೆ ಸಿಗುವ ಬಹುಮಾನ ಅಂದುಕೊಂಡಿರುತ್ತಾರೆ. ಆಟದೊಳಗೆ ಯುಗ ಒಂದು ಖರೀದಿ. ಅದಕ್ಕೆ ಬೆಲೆ ಇದೆ, ಅದು ಕೈಗೆ ಬರಲು ಸಮಯ ಬೇಕು, ಬಂದ ಮೇಲೆ ಬಳಸಲು ಮತ್ತಷ್ಟು ಖರ್ಚಿದೆ. ಈ ಮೂರು ಲೆಕ್ಕ ಗೊತ್ತಿದ್ದರೆ ಯಾವ ಆಟವಾದರೂ ಅರ್ಧ ಹಿಡಿತಕ್ಕೆ ಬಂದ ಹಾಗೆ. ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಉದಾಹರಣೆಗೆ ಏಜ್ ಆಫ್ ಎಂಪೈರ್ಸ್ 2 ಮತ್ತು ಸಿವಿಲೈಸೇಶನ್ 6 ಜಾಸ್ತಿ ಬರುತ್ತವೆ. ಅವೆರಡೂ ಅರ್ಥವಾದರೆ ಉಳಿದವು ಸುಲಭ.

ಹೆಜ್ಜೆ 1: ನಿಮ್ಮ ಆಟದಲ್ಲಿ ಯುಗ ಬದಲಾಗುವುದು ಹೇಗೆ ಎಂದು ಗುರುತಿಸಿ

ಯುಗ ಎಂಬ ಹೆಸರು ಎಲ್ಲ ಆಟಗಳಲ್ಲೂ ಇರುತ್ತದೆ. ಅದರ ಕೆಲಸ ಮಾತ್ರ ಬೇರೆ ಬೇರೆ. ಸ್ಥೂಲವಾಗಿ ನಾಲ್ಕು ಬಗೆ ಅನ್ನಬಹುದು.

ಮೊದಲ ಬಗೆಯಲ್ಲಿ ದುಡ್ಡು ಕೊಟ್ಟು ಬಟನ್ ಒತ್ತಬೇಕು. ಏಜ್ ಆಫ್ ಎಂಪೈರ್ಸ್ ಸರಣಿಯೇ ಇದಕ್ಕೆ ಮಾದರಿ. 1997ರ ಮೊದಲ ಆಟದಲ್ಲಿ ಶಿಲಾಯುಗ, ಉಪಕರಣಗಳ ಯುಗ, ಕಂಚಿನ ಯುಗ, ಕಬ್ಬಿಣದ ಯುಗ ಎಂದು ನಾಲ್ಕಿದ್ದವು. 1999ರ ಎರಡನೇ ಆಟದಲ್ಲಿ ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್. ಎಷ್ಟು ಚೆನ್ನಾಗಿ ಆಡಿದರೂ ನೀವಾಗಿ ಒತ್ತದೆ ಯುಗ ಬದಲಾಗುವುದಿಲ್ಲ. ಇಡೀ ನಿರ್ಧಾರ ನಿಮ್ಮ ಕೈಯಲ್ಲಿದೆ.

ಎರಡನೇ ಬಗೆಯಲ್ಲಿ ಸಂಶೋಧನೆಯೇ ಯುಗವನ್ನು ತರುತ್ತದೆ. 1991ರಲ್ಲಿ ಬಂದ ಮೊದಲ ಸಿವಿಲೈಸೇಶನ್ ಜನಪ್ರಿಯ ಮಾಡಿದ ಟೆಕ್ ಟ್ರೀ, ಅಂದರೆ ಯಾವುದಾದ ಮೇಲೆ ಯಾವುದನ್ನು ಕಲಿಯಬಹುದು ಎಂದು ತೋರಿಸುವ ತಂತ್ರಜ್ಞಾನಗಳ ನಕ್ಷೆ, ಇಲ್ಲಿನ ಬೆನ್ನೆಲುಬು. ಒಂದೊಂದೇ ತಂತ್ರಜ್ಞಾನ ಕಲಿಯುತ್ತಾ ಹೋಗುತ್ತೀರಿ. ಮುಂದಿನ ಯುಗಕ್ಕೆ ಸೇರಿದ ಒಂದನ್ನು ಕಲಿತ ಕ್ಷಣ ನೀವು ಆ ಯುಗಕ್ಕೆ ಕಾಲಿಟ್ಟ ಹಾಗೆ. ಹಿಂದಿನ ಯುಗದ ಎಷ್ಟೋ ವಿಷಯ ಕಲಿಯದೇ ಉಳಿದಿರಬಹುದು.

ಮೂರನೇ ಬಗೆ ಕ್ಯಾಲೆಂಡರ್ ಆಟಗಳದ್ದು. ಯುರೋಪಾ ಯೂನಿವರ್ಸಾಲಿಸ್ 4, ಕ್ರುಸೇಡರ್ ಕಿಂಗ್ಸ್ 3 ಇಂಥವು. ಇಲ್ಲಿ ಕಾಲ ತನ್ನಷ್ಟಕ್ಕೆ ತಾನು ಓಡುತ್ತಿರುತ್ತದೆ. ನೀವು ಅದಕ್ಕಿಂತ ತುಂಬಾ ಮುಂದೆ ಓಡಲು ಹೋದರೆ ದಂಡ, ಹಿಂದೆ ಬಿದ್ದರೆ ನಷ್ಟ.

ನಾಲ್ಕನೆಯದು ಹೊಸ ಬಗೆ. ಯುಗ ಬದಲಾದಾಗ ನಿಮ್ಮ ನಾಗರಿಕತೆಯೇ ಬದಲಾಗುತ್ತದೆ. 2021ರ ಹ್ಯೂಮನ್‌ಕೈಂಡ್ ಮತ್ತು 2025ರ ಸಿವಿಲೈಸೇಶನ್ 7 ಈ ದಾರಿಯವು.

ಹೊಸ ಆಟ ಶುರು ಮಾಡಿದಾಗ ಇದು ಯಾವ ಬಗೆ ಎಂದು ಮೊದಲೇ ತಿಳಿದುಕೊಳ್ಳಿ. ಒಂದು ಬಗೆಯ ಅಭ್ಯಾಸವನ್ನು ಇನ್ನೊಂದಕ್ಕೆ ಹೊತ್ತು ತಂದರೆ ತೊಂದರೆ ಖಚಿತ. ಏಜ್ ಆಫ್ ಎಂಪೈರ್ಸ್ ಆಡಿ ಪಳಗಿದವರು ಯುರೋಪಾದಲ್ಲೂ ಆತುರಪಟ್ಟು ಅಂಕಗಳನ್ನು ಪೋಲು ಮಾಡುವುದು ತುಂಬಾ ಸಾಮಾನ್ಯ.

ಹೆಜ್ಜೆ 2: ಮುಂದಿನ ಯುಗ ನಿಜವಾಗಿ ಏನು ಕೊಡುತ್ತದೆ ಎಂದು ಓದಿ

ಯುಗ ಬಂದರೆ ಸೈನ್ಯ ತಾನಾಗಿ ಬಲವಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹೆಚ್ಚಿನ ಆಟಗಳಲ್ಲಿ ಹಾಗಿಲ್ಲ. ಯುಗ ಬಂದರೆ ಖರೀದಿಸಬಹುದಾದ ವಸ್ತುಗಳ ಪಟ್ಟಿ ಉದ್ದವಾಗುತ್ತದೆ, ಅಷ್ಟೇ.

ಏಜ್ ಆಫ್ ಎಂಪೈರ್ಸ್ 2ರಲ್ಲಿ ನಿಮ್ಮ ಹತ್ತಿರ ಹತ್ತು ಬಿಲ್ಲುಗಾರರಿದ್ದಾರೆ ಅಂದುಕೊಳ್ಳಿ. ಕ್ಯಾಸಲ್ ಯುಗ ಬಂತು. ಆ ಹತ್ತು ಜನ ಈಗಲೂ ಹಳೆಯ ಬಿಲ್ಲುಗಾರರೇ. ಅವರು ಕ್ರಾಸ್‌ಬೋ ಹಿಡಿಯಬೇಕಾದರೆ 125 ಆಹಾರ, 75 ಚಿನ್ನ ಕೊಟ್ಟು ಅಪ್‌ಗ್ರೇಡ್ ಮಾಡಿಸಬೇಕು. ಬಾಣದ ಬಲ ಹೆಚ್ಚಿಸುವುದಕ್ಕೆ ಕಮ್ಮಾರಸಾಲೆಯಲ್ಲಿ ಬೇರೆಯೇ ಖರ್ಚು. ಈ ದುಡ್ಡು ಕೈಯಲ್ಲಿಲ್ಲದಿದ್ದರೆ ಯುಗ ದಾಟಿದ್ದರಿಂದ ಸೈನ್ಯಕ್ಕೆ ಸದ್ಯಕ್ಕೆ ಬಂದದ್ದು ಏನೂ ಇಲ್ಲ.

ಹಾಗಾಗಿ ಆಟ ಶುರುವಾಗುವ ಮುಂಚೆಯೇ ಟೆಕ್ ಟ್ರೀ ತೆರೆದು ಮುಂದಿನ ಯುಗದ ಸಾಲನ್ನು ಓದಿ. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ನಿಮಗೆ ಬೇಕಾದ ಒಂದೋ ಎರಡೋ ವಸ್ತು ಆರಿಸಿಕೊಳ್ಳಿ. 'ಕ್ಯಾಸಲ್ ಯುಗಕ್ಕೆ ಹೋಗುವುದು ನೈಟ್ ಎಂಬ ಕವಚ ತೊಟ್ಟ ಕುದುರೆ ಸವಾರರಿಗಾಗಿ' ಅಥವಾ 'ಊರಿನ ಮುಖ್ಯ ಕಟ್ಟಡವಾದ ಟೌನ್ ಸೆಂಟರ್ ಇನ್ನೆರಡು ಕಟ್ಟುವುದಕ್ಕಾಗಿ' ಎಂದು ಒಂದೇ ವಾಕ್ಯದಲ್ಲಿ ಹೇಳಲು ಆಗಬೇಕು. ಕಾರಣ ಹೇಳಲು ಆಗದಿದ್ದರೆ ದಾಟುವ ಹೊತ್ತು ಇನ್ನೂ ಬಂದಿಲ್ಲ ಎಂದೇ ಅರ್ಥ.

ಕೆಲವು ವಸ್ತುಗಳು ಆಟದ ನಿಯಮವನ್ನೇ ಬದಲಾಯಿಸುತ್ತವೆ. ಇಂಪೀರಿಯಲ್ ಯುಗದ ಟ್ರೆಬುಶೆ ಎಂಬ ಕಲ್ಲೆಸೆಯುವ ಯಂತ್ರ 16 ಟೈಲ್ (ನಕ್ಷೆಯ ಚೌಕ) ದೂರದಿಂದ ಹೊಡೆಯುತ್ತದೆ. ಕೋಟೆಯ ಬಾಣಗಳು ಮೂಲದಲ್ಲಿ 8 ಟೈಲ್ ದೂರ ಹೋಗುತ್ತವೆ. ಅಪ್‌ಗ್ರೇಡ್ ಸೇರಿಸಿದರೂ ಟ್ರೆಬುಶೆಯನ್ನು ಮುಟ್ಟಲಾರವು. ಅಲ್ಲಿಯವರೆಗೆ ಕೋಟೆಯ ಮರೆಯಲ್ಲಿ ನಿಶ್ಚಿಂತೆಯಾಗಿದ್ದ ಎದುರಾಳಿ ಈಗ ಹೊರಗೆ ಬಂದು ಹೋರಾಡಲೇಬೇಕು. ಆಟ ಎರಡೂ ಕಡೆ ಕೋಟೆಗಳಿಂದ ಬಿಗಿದು ನಿಂತಿದ್ದರೆ ಇಂಪೀರಿಯಲ್‌ಗೆ ಮೊದಲು ಹೋದವರಿಗೆ ಭಾರೀ ಅನುಕೂಲ. ಕೋಟೆಗಳೇ ಇಲ್ಲದ ಬಯಲು ಯುದ್ಧದಲ್ಲಿ ಅದೇ ದುಡ್ಡಿಗೆ ಸೈನ್ಯ ಹೆಚ್ಚಿಸಿದರೆ ಲಾಭ.

ಹೆಜ್ಜೆ 3: ಪೂರ್ತಿ ಬೆಲೆ ಲೆಕ್ಕ ಹಾಕಿ

ಬಟನ್ ಮೇಲೆ ಕಾಣುವುದು ಬೆಲೆಯ ಒಂದು ಭಾಗ ಮಾತ್ರ. ಏಜ್ ಆಫ್ ಎಂಪೈರ್ಸ್ 2ರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಇದು ನನಗೆ ತುಂಬಾ ಇಷ್ಟವಾದ ಭಾಗ.

ಫ್ಯೂಡಲ್ ಯುಗಕ್ಕೆ 500 ಆಹಾರ ಬೇಕು, 130 ಸೆಕೆಂಡ್ ಹಿಡಿಯುತ್ತದೆ. ಕ್ಯಾಸಲ್‌ಗೆ 800 ಆಹಾರ ಮತ್ತು 200 ಚಿನ್ನ, 160 ಸೆಕೆಂಡ್. ಇಂಪೀರಿಯಲ್‌ಗೆ 1000 ಆಹಾರ ಮತ್ತು 800 ಚಿನ್ನ, 190 ಸೆಕೆಂಡ್. ಜೊತೆಗೆ ಈಗಿನ ಯುಗದ ಎರಡು ಕಟ್ಟಡ ಕಟ್ಟಿರಬೇಕು. ಕ್ಯಾಸಲ್‌ಗೆ ಹೋಗಲು ಬಿಲ್ಲುಗಾರರ ತಾಣ, ಕುದುರೆ ಲಾಯ, ಕಮ್ಮಾರಸಾಲೆ, ಮಾರುಕಟ್ಟೆ ಇವುಗಳಲ್ಲಿ ಎರಡು. ಇಂಪೀರಿಯಲ್‌ಗೆ ಒಂದು ಕೋಟೆ ಇದ್ದರೂ ಸಾಕು. ಇದು ಕಣ್ಣಿಗೆ ಕಾಣುವ ಬೆಲೆ.

ಕಾಣದ ಬೆಲೆ ಟೌನ್ ಸೆಂಟರ್‌ನಲ್ಲಿದೆ. ಯುಗ ದಾಟುತ್ತಿರುವಷ್ಟು ಹೊತ್ತು ಅದು ದುಡಿಯುವ ಜನರಾದ ವಿಲೇಜರ್‌ಗಳನ್ನು ತಯಾರಿಸುವುದಿಲ್ಲ. ಒಬ್ಬ ವಿಲೇಜರ್‌ಗೆ 25 ಸೆಕೆಂಡ್ ಬೇಕು. 130 ಸೆಕೆಂಡ್ ಅಂದರೆ ಐದು ವಿಲೇಜರ್‌ಗಳು ಹುಟ್ಟಲಿಲ್ಲ ಎಂದು ಲೆಕ್ಕ. ಕುರಿ ಕಡಿದು ತರುವ ಒಬ್ಬ ವಿಲೇಜರ್ ನಿಮಿಷಕ್ಕೆ ಹತ್ತಿರ ಹತ್ತಿರ 20 ಆಹಾರ ತರುತ್ತಾನೆ. ಐದು ಜನ ಇಲ್ಲದಿದ್ದರೆ ಮುಂದಿನ ಪ್ರತಿ ನಿಮಿಷಕ್ಕೂ 100ರಷ್ಟು ಆದಾಯ ಖೋತಾ. ಕ್ಯಾಸಲ್‌ಗೆ ದಾಟುವಾಗ ಮತ್ತೆ ಆರು ಜನ ಕಡಿಮೆ. ಇಂಪೀರಿಯಲ್ ಹೊತ್ತಿಗೆ ನಿಮ್ಮ ಬಳಿ ಮೂರು ಟೌನ್ ಸೆಂಟರ್ ಇದ್ದರೆ ಒಂದು ಮಾತ್ರ ನಿಲ್ಲುತ್ತದೆ, ಉಳಿದೆರಡು ಕೆಲಸ ಮಾಡುತ್ತಿರುತ್ತವೆ. ಹಾಗಾಗಿ ಮೊದಲ ದಾಟುವಿಕೆಯೇ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ಈಗ ಎರಡು ಯೋಜನೆ ಹೋಲಿಸಿ. ಆಟ ಮೂರು ವಿಲೇಜರ್‌ಗಳಿಂದ ಶುರುವಾಗುತ್ತದೆ. ಟೌನ್ ಸೆಂಟರ್ ಒಂದು ಕ್ಷಣವೂ ಖಾಲಿ ಕೂರದೆ 19 ವಿಲೇಜರ್ ಆದ ಮೇಲೆ, ನಡುವೆ ವಿಲೇಜರ್‌ಗಳನ್ನು ಗಟ್ಟಿ ಮಾಡುವ ಲೂಮ್ ಎಂಬ 25 ಸೆಕೆಂಡಿನ ಅಪ್‌ಗ್ರೇಡ್ ಮುಗಿಸಿ ಬಟನ್ ಒತ್ತಿದರೆ ಗಡಿಯಾರ 7:05 ತೋರಿಸುತ್ತದೆ. 9:15ಕ್ಕೆ ಫ್ಯೂಡಲ್ ಯುಗ. ಇದು ಬೇಗ ದಾಳಿಗೆ ಹೋಗುವವರ ಲೆಕ್ಕ. ಇನ್ನೊಬ್ಬರು 27 ವಿಲೇಜರ್ ತನಕ ಕಾದರು ಅಂದುಕೊಳ್ಳಿ. ಅವರು ಒತ್ತುವುದು 10:25ಕ್ಕೆ, ಫ್ಯೂಡಲ್ ತಲುಪುವುದು 12:35ಕ್ಕೆ. ಅಲ್ಲಿ ಇನ್ನಿಬ್ಬರು ವಿಲೇಜರ್ ಮಾಡಿ ಸೀದಾ ಕ್ಯಾಸಲ್‌ಗೆ ಒತ್ತಿದರೆ 16:05ಕ್ಕೆ ನೈಟ್‌ಗಳ ಬಾಗಿಲು ತೆರೆಯುತ್ತದೆ. ಆಟಗಾರರು ಇದನ್ನೇ ಫಾಸ್ಟ್ ಕ್ಯಾಸಲ್ ಅನ್ನುತ್ತಾರೆ.

ಯಾವುದು ಸರಿ? ಎರಡೂ ಸರಿ. ಮೊದಲಿನವರಿಗೆ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಎದುರಾಳಿಗಿಲ್ಲದ ಸೈನಿಕರಿರುತ್ತಾರೆ. ಅಷ್ಟರಲ್ಲಿ ಮರ ಕಡಿಯುವವರನ್ನು ಓಡಿಸಿ ಅವರು ಲಾಭ ಮಾಡಿಕೊಳ್ಳಬೇಕು. ಮಾಡದಿದ್ದರೆ ಎರಡನೆಯವರ ಗಟ್ಟಿ ಆದಾಯದ ಎದುರು ಅವರು ಸೋತಂತೆಯೇ. ಎರಡನೆಯವರು ಆ ಮೂರು ನಿಮಿಷ ಗೋಡೆ ಕಟ್ಟಿಯೋ ಈಟಿಗಾರರನ್ನು ಇಟ್ಟುಕೊಂಡೋ ಉಳಿಯಬೇಕು.

ಎಲ್ಲ ಆಟದಲ್ಲೂ ಕಾಣದ ಬೆಲೆ ಒಂದೇ ಜಾಗದಲ್ಲಿ ಇರುವುದಿಲ್ಲ. 2021ರ ಏಜ್ ಆಫ್ ಎಂಪೈರ್ಸ್ 4ರಲ್ಲಿ ಹೆಚ್ಚಿನ ನಾಗರಿಕತೆಗಳು ಲ್ಯಾಂಡ್‌ಮಾರ್ಕ್ ಎಂಬ ದೊಡ್ಡ ಕಟ್ಟಡ ಕಟ್ಟಿ ಯುಗ ದಾಟುತ್ತವೆ. ಟೌನ್ ಸೆಂಟರ್ ನಿಲ್ಲುವುದಿಲ್ಲ. ಬದಲಿಗೆ ಕೆಲಸದಲ್ಲಿದ್ದ ವಿಲೇಜರ್‌ಗಳನ್ನು ಎಬ್ಬಿಸಿ ಕಟ್ಟಲು ಕಳಿಸಬೇಕು. ಜಾಸ್ತಿ ಜನರನ್ನು ಕಳಿಸಿದರೆ ಬೇಗ ಮುಗಿಯುತ್ತದೆ, ಆದರೆ ಅಷ್ಟು ಹೊತ್ತು ಅವರ ದುಡಿಮೆ ಇಲ್ಲ. ಲ್ಯಾಂಡ್‌ಮಾರ್ಕ್‌ಗಳೆಲ್ಲ ಬಿದ್ದರೆ ಸೋಲಾಗುವ ನಿಯಮವೂ ಇರುವುದರಿಂದ ಅದನ್ನು ಎಲ್ಲಿ ಕಟ್ಟುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. 2005ರ ಏಜ್ ಆಫ್ ಎಂಪೈರ್ಸ್ 3ರಲ್ಲಿ ಯುಗ ದಾಟುವಾಗ ಒಬ್ಬ ರಾಜಕಾರಣಿಯನ್ನು ಆರಿಸಬೇಕು, ಆತನ ಜೊತೆ ಸೈನಿಕರೋ ಸಾಮಗ್ರಿಯೋ ಬರುತ್ತದೆ. ಅಂದರೆ ಬೆಲೆಯ ಒಂದಿಷ್ಟು ಭಾಗ ವಾಪಸ್ ಸಿಕ್ಕ ಹಾಗೆ.

ಹೆಜ್ಜೆ 4: ಕಾಯುವ ಹೊತ್ತನ್ನು ತಯಾರಿಗೆ ಬಳಸಿ

ಮಧ್ಯಮ ಆಟಗಾರರಿಗೂ ಚೆನ್ನಾಗಿ ಆಡುವವರಿಗೂ ಇರುವ ದೊಡ್ಡ ವ್ಯತ್ಯಾಸ ಈ 130 ಸೆಕೆಂಡಿನಲ್ಲಿ ಕಾಣುತ್ತದೆ.

ಬಟನ್ ಒತ್ತಿದ ಕೂಡಲೇ ನಿಮ್ಮ ಅಗತ್ಯ ಪೂರ್ತಿ ಬದಲಾಗುತ್ತದೆ. ಒತ್ತುವವರೆಗೆ ಬೇಕಿದ್ದದ್ದು ಆಹಾರ. ಈಗ ಟೌನ್ ಸೆಂಟರ್ ಎರಡು ನಿಮಿಷ ಆಹಾರ ಕೇಳುವುದೇ ಇಲ್ಲ. ಹೊಸ ಯುಗದ ಕಟ್ಟಡಗಳಿಗೆಲ್ಲ ಮರ ಬೇಕು. ಕುದುರೆ ಲಾಯಕ್ಕೆ 175 ಮರ, ಒಂದೊಂದು ಹೊಲಕ್ಕೆ 60 ಮರ. ಹಾಗಾಗಿ ಒತ್ತಿದ ಮರುಕ್ಷಣ ಆಹಾರದಿಂದ ಮೂರು ನಾಲ್ಕು ಜನರನ್ನು ಮರಕ್ಕೆ ಕಳಿಸಿ. ಲಾಯ ಕಟ್ಟಬೇಕಾದರೆ ಮೊದಲು ಕಾಲಾಳುಗಳನ್ನು ತಯಾರಿಸುವ ಬ್ಯಾರಕ್ಸ್ ಇರಬೇಕು. ಅದನ್ನು ಇನ್ನೂ ಕಟ್ಟಿಲ್ಲದಿದ್ದರೆ ಈಗಲೇ ಕಟ್ಟಿ. ಯುಗ ಬರುವ ಹತ್ತು ಸೆಕೆಂಡ್ ಮುಂಚೆ ಇಬ್ಬರು ವಿಲೇಜರ್‌ಗಳನ್ನು ಲಾಯ ಬರಬೇಕಾದ ಜಾಗಕ್ಕೆ ನಡೆಸಿಬಿಡಿ.

ಬಿಲ್ಲುಗಾರರ ಯೋಜನೆ ಇದ್ದರೆ ಮರದ ಜೊತೆ ಚಿನ್ನವೂ ಬೇಕು. ಒಬ್ಬ ಬಿಲ್ಲುಗಾರನಿಗೆ 25 ಮರ, 45 ಚಿನ್ನ. ಆಗ ಈ ಹೊತ್ತಿನಲ್ಲಿ ಗಣಿಯ ಪಕ್ಕ ಶಿಬಿರ ಎದ್ದಿರಬೇಕು.

ಸರದಿಯಂತೆ ಆಡುವ ಟರ್ನ್ ಆಧರಿತ ಆಟಗಳಲ್ಲೂ ಇದೇ ವಿಷಯ ಬೇರೆ ರೂಪದಲ್ಲಿ ಬರುತ್ತದೆ. ಸಿವಿಲೈಸೇಶನ್ 6ರಲ್ಲಿ ಕವಣೆಗಾರನನ್ನು ದುಡ್ಡು ಕೊಟ್ಟು ಬಿಲ್ಲುಗಾರನನ್ನಾಗಿ ಮಾಡಬಹುದು. ಬಿಲ್ಲುಗಾರಿಕೆ ಕಲಿಯುವ ಮುಂಚೆಯೇ ಕಡಿಮೆ ಖರ್ಚಿನ ಮೂರು ಕವಣೆಗಾರರನ್ನು ತಯಾರಿಸಿ, ಒಂದಿಷ್ಟು ಚಿನ್ನ ಕೂಡಿಟ್ಟುಕೊಂಡಿರಿ. ಸಂಶೋಧನೆ ಮುಗಿದ ಟರ್ನ್‌ನಲ್ಲೇ ನಿಮ್ಮ ಕೈಯಲ್ಲಿ ಬಿಲ್ಲುಗಾರರ ಪಡೆ. ಎದುರಾಳಿ ಆಗ ಮೊದಲ ಬಿಲ್ಲುಗಾರನ ತಯಾರಿಗೆ ಕೈ ಹಾಕಿರುತ್ತಾನೆ.

ಹೆಜ್ಜೆ 5: ಬಂದ ಮೇಲೆ ಮೊದಲ ಒಂದು ನಿಮಿಷ

ಇಲ್ಲಿ ಕ್ರಮ ಮುಖ್ಯ. ಫ್ಯೂಡಲ್ ಯುಗ ಬಂದ ಸದ್ದು ಕೇಳಿದ ಕೂಡಲೇ ಮೊದಲು ಟೌನ್ ಸೆಂಟರ್‌ಗೆ ವಿಲೇಜರ್ ಹಾಕಿ, ಅದು ಎರಡು ನಿಮಿಷದಿಂದ ಸುಮ್ಮನಿದೆ. ಆಮೇಲೆ ಲಾಯಕ್ಕೆ ಅಡಿಪಾಯ. ಆಮೇಲೆ ಮರ ಬೇಗ ಕಡಿಯುವ ಡಬಲ್ ಬಿಟ್ ಆಕ್ಸ್, 100 ಆಹಾರ ಮತ್ತು 50 ಮರ. ಆಹಾರ ಉಳಿದರೆ ಹೊಲ ಹೆಚ್ಚು ಕಾಲ ಬಾಳುವಂತೆ ಮಾಡುವ ಹಾರ್ಸ್ ಕಾಲರ್, 75 ಆಹಾರ ಮತ್ತು 75 ಮರ. ಬಹಳ ಜನ ಮೊದಲು ಸೈನಿಕರನ್ನು ಮಾಡಲು ಹೋಗಿ ಇವನ್ನು ಮರೆಯುತ್ತಾರೆ. ಈ ಚಿಕ್ಕ ಅಪ್‌ಗ್ರೇಡ್‌ಗಳೇ ಮುಂದಿನ ಯುಗದ 800 ಆಹಾರವನ್ನು ತರುವುದು ಅಲ್ವಾ?

ಬೇಗ ಬಂದ ಯುಗದ ಬೆಲೆ ಪ್ರತಿ ನಿಮಿಷವೂ ಇಳಿಯುತ್ತದೆ. ಎದುರಾಳಿಯೂ ಅಲ್ಲಿಗೆ ಬಂದ ಮೇಲೆ ನಿಮ್ಮ ಮುನ್ನಡೆ ಮುಗಿಯಿತು. ಅದಕ್ಕಾಗಿ ಮುಂದಿದ್ದಾಗ ಧೈರ್ಯ ಮಾಡಿ. ದೊಡ್ಡ ಯುದ್ಧ ಬೇಕಿಲ್ಲ. ಸ್ಕೌಟ್ ಎಂಬ ಹಗುರ ಕುದುರೆ ಸವಾರರು ನಾಲ್ವರು ಎದುರಾಳಿಯ ಮರದ ಸಾಲಿನ ಹತ್ತಿರ ಓಡಾಡಿದರೂ ಅವರ ದುಡಿಮೆ ನಿಲ್ಲುತ್ತದೆ.

ಹೆಜ್ಜೆ 6: ಹಿಂದೆ ಬಿದ್ದಾಗ

ಒಂದು ಯುಗ ಹಿಂದಿದ್ದೀರಿ, ಎದುರಾಳಿಯ ನೈಟ್‌ಗಳು ಬಂದಿದ್ದಾರೆ. ಮೊದಲು ಅಂಕಿ ನೋಡಿ. ನೈಟ್‌ನ ಪ್ರಾಣ 100, ಬಾಣದ ಎದುರು ಕವಚ 2. ಫ್ಯೂಡಲ್ ಬಿಲ್ಲುಗಾರನ ಹೊಡೆತ 4. ಕವಚ ಕಳೆದರೆ ಒಂದು ಬಾಣಕ್ಕೆ ಇಳಿಯುವುದು 2 ಮಾತ್ರ. ಒಬ್ಬ ನೈಟ್‌ನನ್ನು ಬೀಳಿಸಲು 50 ಬಾಣ ಬೇಕು. ಬಿಲ್ಲುಗಾರರನ್ನು ಹೆಚ್ಚಿಸುತ್ತಾ ಹೋಗುವುದು ಇಲ್ಲಿ ದಾರಿಯಲ್ಲ.

ದಾರಿ ಈಟಿಗಾರರದ್ದು. 35 ಆಹಾರ, 25 ಮರ, ಚಿನ್ನವೇ ಬೇಡ. ಕುದುರೆಗಳ ಮೇಲೆ ಅವರ ಹೊಡೆತಕ್ಕೆ ವಿಶೇಷ ಹೆಚ್ಚುವರಿ ಇದೆ. ಒಬ್ಬ ನೈಟ್‌ಗೆ 60 ಆಹಾರ, 75 ಚಿನ್ನ. ಹಳೆಯ ಯುಗದ ಸೈನಿಕನೂ ಸರಿಯಾದ ಎದುರಾಳಿಯ ಮೇಲೆ ಬಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇಂಥ ಜೋಡಿಗಳನ್ನು ಪ್ರತಿ ಆಟದಲ್ಲೂ ಒಂದೆರಡಾದರೂ ತಿಳಿದಿಟ್ಟುಕೊಳ್ಳಿ: ಕುದುರೆಗೆ ಈಟಿ, ಬಿಲ್ಲುಗಾರರಿಗೆ ಸ್ಕರ್ಮಿಶರ್ ಎಂಬ ಭರ್ಜಿ ಎಸೆಯುವವರು.

ಜಾಗವನ್ನೂ ಬಳಸಿ. ಟೌನ್ ಸೆಂಟರ್‌ನ ಒಳಗೆ ವಿಲೇಜರ್‌ಗಳನ್ನು ಸೇರಿಸಿದರೆ ಅದರಿಂದ ಹೆಚ್ಚು ಬಾಣ ಹಾರುತ್ತವೆ. ಕಿರಿದಾದ ದಾರಿಗೆ ಗೋಡೆ ಹಾಕಿ. ನೈಟ್‌ಗಳು ತಿರುಗಿ ಹೋದ ಸಮಯದಲ್ಲಿ ಯುಗದ ಬಟನ್ ಒತ್ತಿ. ದಾಳಿ ಇನ್ನೂ ನಡೆಯುತ್ತಿರುವಾಗ 800 ಆಹಾರವನ್ನು ಯುಗಕ್ಕೆ ಸುರಿದರೆ, ಯುಗ ಬರುವ ಹೊತ್ತಿಗೆ ಅದನ್ನು ಬಳಸಲು ಜನವೇ ಉಳಿದಿರುವುದಿಲ್ಲ.

ಹೆಜ್ಜೆ 7: ಟೆಕ್ ಟ್ರೀ ಆಟಗಳಲ್ಲಿ ಗುರಿಯಿಂದ ಹಿಂದಕ್ಕೆ ಓದಿ

ಸಿವಿಲೈಸೇಶನ್ 6ರಲ್ಲಿ ಎರಡು ಟ್ರೀಗಳಿವೆ. ಒಂದು ತಂತ್ರಜ್ಞಾನದ್ದು, ವಿಜ್ಞಾನದ ಅಂಕಗಳಿಂದ ಬೆಳೆಯುತ್ತದೆ. ಇನ್ನೊಂದು ಸಿವಿಕ್ಸ್, ಸಂಸ್ಕೃತಿಯ ಅಂಕಗಳಿಂದ ಬೆಳೆಯುತ್ತದೆ. ಎರಡನ್ನೂ ಸಮವಾಗಿ ಬೆಳೆಸಲು ಹೊರಟರೆ ಯಾವುದರಲ್ಲೂ ಮುಂದಿರುವುದಿಲ್ಲ. ನಿಮಗೆ ಬೇಕಾದ ಒಂದು ವಸ್ತುವನ್ನು ಟ್ರೀಯಲ್ಲಿ ಹುಡುಕಿ, ಅದರ ಮೇಲೆ ಕ್ಲಿಕ್ ಮಾಡಿ. ಅಲ್ಲಿಗೆ ಹೋಗಲು ಬೇಕಾದ ಸಾಲನ್ನು ಆಟವೇ ಜೋಡಿಸುತ್ತದೆ. ಇದನ್ನು ಬೀಲೈನ್ ಅನ್ನುತ್ತಾರೆ.

ಬೀಲೈನ್ ಜೊತೆಗೆ ಯುರೇಕಾಗಳನ್ನು ನೋಡಿಕೊಳ್ಳಬೇಕು. ಆಟದಲ್ಲಿ ಒಂದು ನಿರ್ದಿಷ್ಟ ಕೆಲಸ ಮಾಡಿದರೆ ಅದಕ್ಕೆ ಹೊಂದಿದ ತಂತ್ರಜ್ಞಾನದ ಖರ್ಚಿನಲ್ಲಿ 40 ಶೇಕಡಾ ಮಾಫಿ. 2018ರ ರೈಸ್ ಅಂಡ್ ಫಾಲ್ ವಿಸ್ತರಣೆಗೆ ಮುಂಚೆ ಇದು 50 ಇತ್ತು. ಕವಣೆಗಾರನಿಂದ ಒಬ್ಬ ಶತ್ರುವನ್ನು ಕೊಂದರೆ ಬಿಲ್ಲುಗಾರಿಕೆಗೆ ಯುರೇಕಾ. ಮೂರು ಬಿಲ್ಲುಗಾರರಿದ್ದರೆ ಮೆಶಿನರಿಗೆ ಯುರೇಕಾ, ಅದರಿಂದ ಕ್ರಾಸ್‌ಬೋ. ನೋಡಿ, ನಾಲ್ಕನೇ ಹೆಜ್ಜೆಯಲ್ಲಿ ಹೇಳಿದ ಆ ಮೂರು ಕವಣೆಗಾರರು ಎರಡು ಸಲ ಲಾಭ ತಂದರು. ಮೂರು ಗಣಿ ತೋಡಿದರೆ ಅಪ್ರೆಂಟಿಸ್‌ಶಿಪ್‌ಗೆ, ಕಲ್ಲುಕ್ವಾರಿ ಮಾಡಿದರೆ ಮೇಸನ್ರಿಗೆ, ಸಮುದ್ರದ ದಡದಲ್ಲಿ ಊರು ಕಟ್ಟಿದರೆ ಸೈಲಿಂಗ್‌ಗೆ. ನಿಮ್ಮ ನೆಲದಲ್ಲಿ ಏನಿದೆಯೋ ಅದರತ್ತಲೇ ಜ್ಞಾನವೂ ಬೇಗ ಬೆಳೆಯುತ್ತದೆ ಎನ್ನುವ ಈ ಯೋಚನೆ ನನಗೆ ಬಹಳ ಚೆಂದ ಅನಿಸುತ್ತದೆ. ಇತಿಹಾಸಕ್ಕೂ ಅದು ಹತ್ತಿರವಾಗಿದೆ.

ಒಂದು ಉಪಾಯ: ಯುರೇಕಾ ಸದ್ಯದಲ್ಲೇ ಸಿಗುವಂತಿದ್ದರೆ ಆ ಸಂಶೋಧನೆಯನ್ನು 60 ಶೇಕಡಾ ಮುಗಿದ ಮೇಲೆ ನಿಲ್ಲಿಸಿ, ಬೇರೆಯದಕ್ಕೆ ಹೋಗಿ. ಯುರೇಕಾ ಬಂದಾಗ ಉಳಿದದ್ದು ತಾನಾಗಿ ಭರ್ತಿಯಾಗುತ್ತದೆ.

ಇನ್ನು ಹೊಸಬರಿಗೆ ಗೊತ್ತಾಗದೇ ಹೋಗುವ ಒಂದು ವಿಷಯ. ನೀವು ಹೆಚ್ಚು ಕಲಿತಷ್ಟೂ ಡಿಸ್ಟ್ರಿಕ್ಟ್‌ಗಳ, ಅಂದರೆ ಊರಿನ ಒಂದೊಂದು ಕೆಲಸಕ್ಕೆ ಮೀಸಲಾದ ಬಡಾವಣೆಗಳ, ಖರ್ಚು ಏರುತ್ತದೆ. ಆದರೆ ನೆಲದ ಮೇಲೆ ಜಾಗ ಗುರುತಿಸಿ ಇಟ್ಟ ದಿನವೇ ಆ ಡಿಸ್ಟ್ರಿಕ್ಟ್‌ನ ಬೆಲೆ ನಿಗದಿಯಾಗಿಬಿಡುತ್ತದೆ. ಕಟ್ಟುವುದು ಆಮೇಲಾದರೂ ಸರಿ, ಅವಕಾಶ ಸಿಕ್ಕ ಕೂಡಲೇ ಜಾಗ ಗುರುತಿಸಿ. ಸಂಶೋಧನೆಯಲ್ಲಿ ಮಾತ್ರ ಓಡಿ ಊರುಗಳನ್ನು ಬರಿದಾಗಿ ಬಿಟ್ಟವರಿಗೆ ಮುಂದೆ ಎಲ್ಲವೂ ದುಬಾರಿ.

ಸಂಪನ್ಮೂಲವೂ ಹಾಗೆಯೇ. ಕಂಚಿನ ಕೆಲಸ ಕಲಿತಾಗ ನಕ್ಷೆಯಲ್ಲಿ ಕಬ್ಬಿಣ ಕಾಣಿಸುತ್ತದೆ. ನಿಮ್ಮ ಗಡಿಯೊಳಗೆ ಕಬ್ಬಿಣ ಇಲ್ಲದಿದ್ದರೆ ಕತ್ತಿಯವರ ಕಡೆಗೆ ಓಡುವುದರಲ್ಲಿ ಅರ್ಥವಿಲ್ಲ. ಮೊದಲು ಹೊಸ ಊರು ಕಟ್ಟಿ, ಇಲ್ಲವೇ ಬೇರೆಯವರಿಂದ ಕೊಳ್ಳಿ. ಬಂದೂಕಿನವರಿಗೆ ನೈಟರ್ (ಪೆಟ್ಲುಪ್ಪು), ಮುಂದೆ ಕಲ್ಲಿದ್ದಲು, ತೈಲ, ಯುರೇನಿಯಂ. ಯುಗ ಬರುವ ಮುಂಚೆ ಅದರ ಕಚ್ಚಾವಸ್ತು ಎಲ್ಲಿದೆ ಎಂದು ನೋಡಿಕೊಳ್ಳಿ.

ರೈಸ್ ಅಂಡ್ ಫಾಲ್ ಹಾಕಿಕೊಂಡವರಿಗೆ ಮತ್ತೊಂದು ಪದರ ಇದೆ. ಅಲ್ಲಿ ಇಡೀ ಜಗತ್ತಿಗೆ ಒಂದೇ ಯುಗ ಓಡುತ್ತಿರುತ್ತದೆ. ಆ ಯುಗದಲ್ಲಿ ಸಾಧನೆಗಳಿಗಾಗಿ ನೀವು ಗಳಿಸಿದ ಅಂಕ, ಅಂದರೆ ಎರಾ ಸ್ಕೋರ್, ನೋಡಿ ಮುಂದಿನದು ಸುವರ್ಣಯುಗವೋ ಕತ್ತಲ ಯುಗವೋ ಎಂದು ತೀರ್ಮಾನವಾಗುತ್ತದೆ. ಕತ್ತಲ ಯುಗದಲ್ಲಿ ಊರುಗಳ ನಿಷ್ಠೆ ಸಡಿಲವಾಗುತ್ತದೆ. ಆದರೆ ಅಲ್ಲಿಂದ ನೇರವಾಗಿ ಸುವರ್ಣಯುಗಕ್ಕೆ ಏರಿದರೆ ಅದು ವೀರಯುಗವಾಗಿ ಮೂರು ವಿಶೇಷ ಅನುಕೂಲ ಕೊಡುತ್ತದೆ. ಈ ಯುಗಕ್ಕೆ ಬೇಕಾದ ಸ್ಕೋರ್ ಆಗಲೇ ಬಂದಿದ್ದರೆ ಉಳಿದ ಸಾಧನೆಗಳನ್ನು ತಡೆದಿಡಿ. ಮುಗಿಯುತ್ತಾ ಬಂದ ಅದ್ಭುತ ಕಟ್ಟಡವನ್ನು ಯುಗ ಬದಲಾದ ಮರು ಟರ್ನ್‌ನಲ್ಲಿ ಮುಗಿಸಿದರೆ ಆ ಅಂಕ ಮುಂದಿನ ಯುಗದ ಲೆಕ್ಕಕ್ಕೆ ಸೇರುತ್ತದೆ.

ಹೆಜ್ಜೆ 8: ಕ್ಯಾಲೆಂಡರ್ ಆಟದಲ್ಲಿ ತಾಳ್ಮೆ

ಯುರೋಪಾ ಯೂನಿವರ್ಸಾಲಿಸ್ 4 ನಡೆಯುವುದು 1444ರಿಂದ 1821ರವರೆಗೆ. ಆಡಳಿತ, ರಾಜತಂತ್ರ, ಸೇನೆ ಎಂದು ಮೂರು ತಂತ್ರಜ್ಞಾನದ ಸಾಲುಗಳಿವೆ, ಮೂರಕ್ಕೂ ಬೇರೆ ಬೇರೆ ಅಂಕ. ಪ್ರತಿ ಮಟ್ಟಕ್ಕೂ ಒಂದು ಸಹಜ ವರ್ಷ ಇದೆ. ಅದಕ್ಕಿಂತ ಮುಂಚೆ ಕೊಂಡರೆ ದುಬಾರಿ. ಸುಮ್ಮನೆ ಕೆಲವು ವರ್ಷ ಕಾದರೆ ಅದೇ ವಸ್ತು ಕಡಿಮೆ ಅಂಕಕ್ಕೆ ಸಿಗುತ್ತದೆ. ಸೇನೆಯ ತಂತ್ರಜ್ಞಾನಕ್ಕೆ ಮಾತ್ರ ಇದರಲ್ಲಿ ವಿನಾಯಿತಿ ಕೊಡಿ. ಯುದ್ಧ ಹತ್ತಿರವಿದ್ದು, ಮುಂದಿನ ಮಟ್ಟದಲ್ಲಿ ಹೊಸ ಕಾಲಾಳು ಬರುವುದಿದ್ದರೆ ದಂಡ ಕೊಟ್ಟಾದರೂ ಕೊಳ್ಳುವುದು ಒಳ್ಳೆಯದು.

ಇದಕ್ಕಿಂತ ದೊಡ್ಡ ವಿಷಯ ಇನ್ಸ್ಟಿಟ್ಯೂಶನ್‌ಗಳು, ಅಂದರೆ ಕಾಲಕಾಲಕ್ಕೆ ಹುಟ್ಟುವ ಹೊಸ ವಿಚಾರ, ಪದ್ಧತಿಗಳು. ರೆನೆಸಾನ್ಸ್ 1450ರಿಂದ, ವಸಾಹತುಶಾಹಿ 1500ರಿಂದ, ಮುದ್ರಣ ಯಂತ್ರ 1550ರಿಂದ, ಹೀಗೆ ಒಂದೊಂದು ಒಂದು ಪ್ರಾಂತ್ಯದಲ್ಲಿ ಹುಟ್ಟಿ ಸುತ್ತಲೂ ಹರಡುತ್ತದೆ. ನಿಮ್ಮ ದೇಶದಲ್ಲಿ ಅದನ್ನು ಅಳವಡಿಸಿಕೊಳ್ಳದಿದ್ದರೆ ತಂತ್ರಜ್ಞಾನದ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತದೆ. ನಿಮ್ಮ ಒಟ್ಟು ಅಭಿವೃದ್ಧಿಯ 10 ಶೇಕಡಾ ಭಾಗದಲ್ಲಿ ಅದು ಹರಡಿದ ಮೇಲೆ ದುಡ್ಡು ಕೊಟ್ಟು ಅಳವಡಿಸಬಹುದು. ಹುಟ್ಟಿದ ಜಾಗದಿಂದ ದೂರದ ದೇಶ ಆಡುತ್ತಿದ್ದರೆ ಹರಡಿ ಬರಲಿ ಎಂದು ಕಾಯಬೇಡಿ. ಒಂದೇ ಪ್ರಾಂತ್ಯದ ಅಭಿವೃದ್ಧಿಗೆ ಅಂಕ ಸುರಿದರೆ ಅಲ್ಲಿ ಅದು ಬೇಗ ಬೇರೂರುತ್ತದೆ.

ಕ್ರುಸೇಡರ್ ಕಿಂಗ್ಸ್ 3ರಲ್ಲಿ ನಿಮ್ಮ ಕೈ ಇನ್ನೂ ಚಿಕ್ಕದು. ಹೈ ಮೆಡೀವಲ್ ಯುಗಕ್ಕೆ 1050, ಲೇಟ್ ಮೆಡೀವಲ್‌ಗೆ 1200 ಎಂದು ವರ್ಷದ ಮಿತಿ ಇದೆ. ಹೊಸ ಕಲಿಕೆ ಬರುವುದು ಇಡೀ ಸಂಸ್ಕೃತಿಗೆ. ಆ ಸಂಸ್ಕೃತಿಯ ಮುಖ್ಯಸ್ಥ ನೀವಾದರೆ ಮಾತ್ರ ಯಾವುದರ ಕಡೆ ಗಮನ ಕೊಡಬೇಕು ಎಂದು ಆರಿಸಬಹುದು. ಹಾಗಾಗಿ ಇಲ್ಲಿ ಯುಗದ ಓಟ ಗೆಲ್ಲುವ ದಾರಿ ನಿಮ್ಮ ಸಂಸ್ಕೃತಿಯ ಜನರಿರುವ ನೆಲವನ್ನು ಹೆಚ್ಚಿಸಿಕೊಂಡು ಮುಖ್ಯಸ್ಥನಾಗುವುದು.

ಹೆಜ್ಜೆ 9: ನಾಗರಿಕತೆ ಬದಲಾಗುವ ಆಟಗಳಲ್ಲಿ ಏನು ಉಳಿಯುತ್ತದೆ ನೋಡಿ

ಹ್ಯೂಮನ್‌ಕೈಂಡ್‌ನಲ್ಲಿ ಹೊಸ ಶಿಲಾಯುಗ ಕಳೆದ ಮೇಲೆ ಪ್ರತಿ ಯುಗ ದಾಟಲು ಏಳು ನಕ್ಷತ್ರ ಗಳಿಸಬೇಕು. ಕೃಷಿ, ವ್ಯಾಪಾರ, ವಿಜ್ಞಾನ, ಯುದ್ಧ ಹೀಗೆ ಬೇರೆ ಬೇರೆ ಕೆಲಸಕ್ಕೆ ನಕ್ಷತ್ರ ಸಿಗುತ್ತದೆ. ಮೊದಲು ದಾಟಿದವರಿಗೆ ಒಳ್ಳೆಯ ಸಂಸ್ಕೃತಿಯ ಆಯ್ಕೆ ಸಿಗುತ್ತದೆ, ಯಾಕೆಂದರೆ ಒಬ್ಬರು ಆರಿಸಿದ್ದು ಇನ್ನೊಬ್ಬರಿಗೆ ಇಲ್ಲ. ಆದರೆ ಗೆಲುವು ತೀರ್ಮಾನವಾಗುವುದು ಫೇಮ್ ಅಂಕದಿಂದ, ಅದು ಬರುವುದು ನಕ್ಷತ್ರಗಳಿಂದ. ಏಳಾದ ಕೂಡಲೇ ಹೊರಟರೆ ಉಳಿದ ನಕ್ಷತ್ರಗಳ ಫೇಮ್ ಹೋಯಿತು. ನನ್ನ ಅಭಿಪ್ರಾಯದಲ್ಲಿ ಮೊದಲ ಎರಡು ಯುಗಗಳಲ್ಲಿ ಬೇಗ ದಾಟಿ ಸಂಸ್ಕೃತಿ ಆರಿಸಿಕೊಳ್ಳಬೇಕು. ನಡುವಿನ ಯುಗಗಳಲ್ಲಿ ದೇಶ ದೊಡ್ಡದಾಗಿ ನಕ್ಷತ್ರಗಳು ಸುಲಭವಾಗಿ ಬರುತ್ತಿರುವಾಗ ಸ್ವಲ್ಪ ನಿಂತು ಬಾಚಿಕೊಳ್ಳಬೇಕು.

ಸಿವಿಲೈಸೇಶನ್ 7 ಬಂದಾಗಿನ ವಿನ್ಯಾಸದಲ್ಲಿ ಮೂರೇ ಯುಗ: ಪ್ರಾಚೀನ, ಅನ್ವೇಷಣೆ, ಆಧುನಿಕ. ನಾಯಕ ಅದೇ ಇರುತ್ತಾನೆ, ನಾಗರಿಕತೆ ಬದಲಾಗುತ್ತದೆ. ಮೊದಲ ಎರಡು ಯುಗಗಳ ಕೊನೆಗೆ ಒಂದು ಬಿಕ್ಕಟ್ಟೂ ಬರುತ್ತದೆ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ನಾನು ಈಗ ಕಟ್ಟುತ್ತಿರುವುದು ಮುಂದಿನ ಯುಗದಲ್ಲಿ ಎಷ್ಟು ಉಳಿಯುತ್ತದೆ? ಏಜ್‌ಲೆಸ್ ಎಂದು ಗುರುತಿರುವ ಕಟ್ಟಡಗಳ ಬೆಲೆ ಉಳಿಯುತ್ತದೆ. ಸೇನಾ ಕಮಾಂಡರ್‌ಗಳು ತಮ್ಮ ಅನುಭವದ ಜೊತೆಗೇ ಮುಂದೆ ಬರುತ್ತಾರೆ. ಹಾಗಾಗಿ ಯುಗ ಮುಗಿಯುತ್ತಾ ಬಂದಾಗ ಸಾಮಾನ್ಯ ಕಟ್ಟಡಗಳ ಮೇಲೆ ಖರ್ಚು ಕಡಿಮೆ ಮಾಡಿ. ಕಮಾಂಡರ್‌ಗಳನ್ನು ಬೆಳೆಸಿ, ಮುಂದಕ್ಕೆ ಅನುಕೂಲ ಕೊಡುವ ಲೆಗಸಿ ಗುರಿಗಳನ್ನು ಮುಗಿಸಿ.

ಇತಿಹಾಸದ ಬಗ್ಗೆ ಒಂದು ಮಾತು

ಕಲ್ಲು, ಕಂಚು, ಕಬ್ಬಿಣ ಎಂಬ ಈ ಮೆಟ್ಟಿಲುಗಳು ಆಟ ಮಾಡಿದವರ ಕಲ್ಪನೆಯಲ್ಲ. 19ನೇ ಶತಮಾನದ ಮೊದಲ ಭಾಗದಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಯುರ್ಗೆನ್ಸೆನ್ ಥಾಮ್ಸೆನ್ ಕೋಪನ್‌ಹೇಗನ್ನಿನ ಸಂಗ್ರಹಾಲಯದ ಹಳೆಯ ವಸ್ತುಗಳನ್ನು ಹೀಗೆ ಮೂರು ಯುಗಗಳಾಗಿ ಜೋಡಿಸಿದರು. ವಸ್ತುಗಳನ್ನು ಜೋಡಿಸಲು ಅದು ಅದ್ಭುತ ಉಪಾಯ. ಆದರೆ ಎಲ್ಲ ಜನರೂ ಅದೇ ಮೆಟ್ಟಿಲು ಹತ್ತಲಿಲ್ಲ. ಸಹಾರಾದ ದಕ್ಷಿಣದ ಆಫ್ರಿಕಾದ ಹೆಚ್ಚಿನ ಭಾಗ ಕಂಚಿನ ಯುಗವನ್ನು ದಾಟದೆಯೇ ಕಲ್ಲಿನಿಂದ ಕಬ್ಬಿಣಕ್ಕೆ ಬಂತು. ಇಂಕಾಗಳು ಬಂಡಿಯ ಚಕ್ರ ಬಳಸದೆ ಆಂಡೀಸ್ ಪರ್ವತಗಳ ಉದ್ದಕ್ಕೂ ರಸ್ತೆ ಕಟ್ಟಿ ಸಾಮ್ರಾಜ್ಯ ಆಳಿದರು. ಕ್ರಿ.ಪೂ. 1200ರ ಸುಮಾರಿಗೆ ಪೂರ್ವ ಮೆಡಿಟರೇನಿಯನ್‌ನ ಅರಮನೆಗಳು ಒಂದರ ಹಿಂದೆ ಒಂದು ಬಿದ್ದಾಗ ಗ್ರೀಸಿನ ಜನ ತಮ್ಮ ಬರವಣಿಗೆಯನ್ನೇ ಕಳೆದುಕೊಂಡರು.

ಹೆಚ್ಚಿನ ಆಟಗಳಲ್ಲಿ ಒಮ್ಮೆ ಕಲಿತದ್ದು ಮರೆತುಹೋಗುವುದಿಲ್ಲ. ಅದು ಆಡುವವರಿಗೆ ಒಳ್ಳೆಯದೇ, ಗಂಟೆಗಟ್ಟಲೆ ಕಟ್ಟಿದ್ದು ಮಾಯವಾದರೆ ಯಾರು ಆಡುತ್ತಾರೆ? ಆದರೆ ಆಟದ ಟ್ರೀಯನ್ನೇ ಇತಿಹಾಸದ ನಕ್ಷೆ ಎಂದು ತಿಳಿಯಬೇಡಿ, ಇತಿಹಾಸದ ಜ್ಞಾನವನ್ನೇ ನೆಚ್ಚಿಕೊಂಡು ಆಡಬೇಡಿ. ಮೊದಮೊದಲ ಬಂದೂಕುಗಳು ನಿಜದಲ್ಲಿ ನಿಧಾನ, ಗುರಿಯೂ ಅಷ್ಟಕ್ಕಷ್ಟೆ. ಆಟದಲ್ಲಿ ಅವು ಬಂದ ದಿನವೇ ಹಳೆಯದನ್ನೆಲ್ಲ ಹಿಂದಿಕ್ಕಬಹುದು. ನಂಬಬೇಕಾದದ್ದು ಆಟ ತೋರಿಸುವ ಅಂಕಿಗಳನ್ನು.

ಹೆಜ್ಜೆ 10: ಅಭ್ಯಾಸ

ಮೊದಲು ಕಂಪ್ಯೂಟರ್ ಎದುರಾಳಿಯ ಜೊತೆ ಯುದ್ಧವನ್ನೇ ಮಾಡದೆ ಬರೀ ಯುಗದ ಸಮಯಕ್ಕಾಗಿ ಆಡಿ. ಒಂದು ಕಾಗದದಲ್ಲಿ ಮೂರು ಸಾಲು ಬರೆಯಿರಿ: ಬಟನ್ ಒತ್ತಿದ ಸಮಯ, ಯುಗ ಬಂದ ಸಮಯ, ಹೊಸ ಯುಗದ ಮೊದಲ ಸೈನಿಕ ಹೊರಬಂದ ಸಮಯ. ಮೊದಲ ಎರಡರ ಅಂತರ ಆಟ ನಿಗದಿ ಮಾಡಿದ್ದು, ಅದನ್ನು ಬದಲಾಯಿಸಲು ಆಗುವುದಿಲ್ಲ. ಕೊನೆಯ ಎರಡರ ಅಂತರ ಪೂರ್ತಿ ನಿಮ್ಮದು. ಏಜ್ ಆಫ್ ಎಂಪೈರ್ಸ್ 2ರಲ್ಲಿ ಅದು ಎರಡು ನಿಮಿಷಕ್ಕಿಂತ ಜಾಸ್ತಿ ಇದ್ದರೆ ಕಾಯುವ ಹೊತ್ತಿನ ತಯಾರಿ ಸಾಲದು ಎಂದರ್ಥ, ಮರಕ್ಕೆ ಇನ್ನಿಬ್ಬರನ್ನು ಬೇಗ ಕಳಿಸಿ ನೋಡಿ.

ಆಮೇಲೆ ರೀಪ್ಲೇ ತೆರೆದು ಒಂದೇ ವಿಷಯ ಗಮನಿಸಿ. ಒತ್ತುವ ಮುಂಚೆ ಟೌನ್ ಸೆಂಟರ್ ಎಷ್ಟು ಹೊತ್ತು ಖಾಲಿ ಕೂತಿತ್ತು? 19 ವಿಲೇಜರ್‌ಗೆ 7:05 ಎಂಬ ಲೆಕ್ಕಕ್ಕೂ ನಿಮ್ಮ ಗಡಿಯಾರಕ್ಕೂ ಇರುವ ವ್ಯತ್ಯಾಸವೇ ಆ ಖಾಲಿ ಹೊತ್ತು. ಮನೆ ಕಟ್ಟುವುದು ತಡವಾಗಿ ನಿಂತಿತೋ, ಆಹಾರ ಮುಗಿದು ನಿಂತಿತೋ ಎಂದು ರೀಪ್ಲೇಯಲ್ಲೇ ಕಾಣುತ್ತದೆ. ಮನೆ ಕಾರಣವಾದರೆ ಇಬ್ಬರು ವಿಲೇಜರ್ ಹುಟ್ಟುವಷ್ಟು ಮುಂಚೆ ಮುಂದಿನ ಮನೆಗೆ ಕೈ ಹಾಕಿ. ಆಹಾರ ಕಾರಣವಾದರೆ ಕುರಿಗಳನ್ನು ಸ್ಕೌಟ್ ಬೇಗ ಹುಡುಕಿ ತರುತ್ತಿದೆಯೇ ನೋಡಿ. ಇದು ಸರಿಯಾದ ಮೇಲೆ ಮಾತ್ರ ಎದುರಾಳಿಯ ಮಟ್ಟ ಏರಿಸಿ.